ಆಡಿ ಮನೆ ಸೇರಿದ ಲ್ಯಾಂಬೋರ್ಗಿನಿ: ಖದರು ಕಮ್ಮಿಯಾಯಿತಾ?

ಲ್ಯಾಂಬೋರ್ಗಿನಿಯ ಹಳೇ ಕೌಂಟಾಷ್ ಕಾರನ್ನು ರಿವರ್ಸ್ ತೆಗೆಯುವುದು ಒಂದು ಸರ್ಕಸ್. ಹಿಂದಿನ ಗಾಜಿನಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಓಡಿಸುವವರು ಬಾಗಿಲನ್ನು ಮೇಲಕ್ಕೆತ್ತಿ, ಸೀಟು ಬಿಟ್ಟು, ಪಕ್ಕದ ಅಗಲವಾದ ಅಂಚಿನ ಮೇಲೆ ಕೂರಬೇಕು. ಕಾಲು ಪೆಡಲ್ ಮೇಲೆ, ಒಂದು ಕೈ ಸ್ಟೀರಿಂಗ್ ಮೇಲೆ, ಕತ್ತು ಹಿಂದಕ್ಕೆ. ಹಾಗೇ ನಿಧಾನಕ್ಕೆ ಕಾರನ್ನು ಹಿಂದೆ ಬಿಡಬೇಕು. ಆ ಬಾಗಿಲು ಮೇಲಕ್ಕೆ ತೆರೆಯುವುದಕ್ಕೆ ಒಂದು ಕಾರಣವೇ ಇದು. ಕ್ಲಚ್ ಎಷ್ಟು ಗಟ್ಟಿ ಅಂದರೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಎಡಗಾಲು ಸೋತುಹೋಗುತ್ತದೆ. ಎಂಜಿನ್ ಬೆನ್ನಿಗೇ ಇರುವುದರಿಂದ ಒಳಗೆ ಒಲೆ ಮುಂದೆ ಕೂತಂಥ ಸೆಕೆ. ಇಷ್ಟೆಲ್ಲ ಇದ್ದರೂ ಒಂದು ಇಡೀ ತಲೆಮಾರಿನ ಹುಡುಗರು ರೂಮಿನ ಗೋಡೆಗೆ ಅಂಟಿಸಿಕೊಂಡಿದ್ದು ಇದೇ ಕಾರಿನ ಪೋಸ್ಟರ್.

ಅದೇ ಕಂಪನಿಯ ಈಗಿನ ರೆವುಯೆಲ್ಟೊ ಕಾರಿನ ಗೇರ್‌ಬಾಕ್ಸ್‌ನಲ್ಲಿ ರಿವರ್ಸ್ ಗೇರೇ ಇಲ್ಲ. ಎಲೆಕ್ಟ್ರಿಕ್ ಮೋಟರ್‌ಗಳೇ ಸದ್ದಿಲ್ಲದೆ ಕಾರನ್ನು ಹಿಂದಕ್ಕೆ ಒಯ್ಯುತ್ತವೆ. ಕ್ಯಾಮೆರಾ ದಾರಿ ತೋರಿಸುತ್ತದೆ, ಎಸಿ ತಣ್ಣಗೆ ಬೀಸುತ್ತಿರುತ್ತದೆ. ಒಟ್ಟು 1015 ಹಾರ್ಸ್‌ಪವರ್ ಇರುವ ಕಾರು ಇದು. ಆದರೂ ಹೊಸಬರು ಕೂಡ ಹೆದರದೆ ಪಾರ್ಕಿಂಗ್‌ನಿಂದ ಹೊರಗೆ ತರಬಹುದು.

ಜಗಳ ಶುರುವಾಗುವುದೇ ಇಲ್ಲಿ. 1998ರಲ್ಲಿ ಫೋಕ್ಸ್‌ವ್ಯಾಗನ್ ಗ್ರೂಪಿನ ಆಡಿ ಲ್ಯಾಂಬೋರ್ಗಿನಿಯನ್ನು ಕೊಂಡಿತು. ಅವತ್ತಿನಿಂದ ಹಳೇ ಅಭಿಮಾನಿಗಳದ್ದು ಒಂದೇ ರಾಗ. ಜರ್ಮನ್ನರು ಬಂದರು, ಎಲ್ಲ ನಯವಾಯಿತು, ಹುಚ್ಚು ಹೋಯಿತು, ಈಗ ಅದು ವೇಷ ಹಾಕಿದ ಆಡಿ ಅಷ್ಟೆ ಅಂತ. ಹುರಾಕಾನ್ ಕಾರಿನ ಜೊತೆಗೆ ಅದರ ಹತ್ತು ಸಿಲಿಂಡರಿನ ವಿ10 ಎಂಜಿನ್ನೂ ಮನೆಗೆ ಹೋಯಿತು. ಅದರ ಜಾಗಕ್ಕೆ ಟರ್ಬೊ ಮತ್ತು ಬ್ಯಾಟರಿ ಇರುವ ಟೆಮೆರಾರಿಯೊ ಬಂತು. ರಾಗ ಇನ್ನೂ ಜೋರಾಯಿತು.

ಈ ದೂರು ಅರ್ಧ ಸರಿ ಅಂತ ನನಗನ್ನಿಸುತ್ತದೆ. ಆದರೆ ಮಾಲೀಕರು ಯಾರು, ಕಾರು ಎಷ್ಟು ನಯ ಅನ್ನುವುದನ್ನೇ ಹಿಡಿದುಕೊಂಡು ಕೂತರೆ ಉತ್ತರ ಸಿಗುವುದಿಲ್ಲ. ಕಾರು ಹೇಗಿರಬೇಕು ಅಂತ ತೀರ್ಮಾನ ಮಾಡುವವರು ಎಲ್ಲಿ ಕೂತಿದ್ದಾರೆ ಅಂತ ನೋಡಬೇಕು. ಇಟಲಿಯ ಸಾಂತಾಗತಾ ಬೊಲೊನ್ಯೇಸೆಯ ಕಾರ್ಖಾನೆಯಲ್ಲಾ, ಇಲ್ಲ ಬೇರೆ ದೇಶದ ಹೆಡ್ಡಾಫೀಸಿನಲ್ಲಾ?

ನಯ ಬೇಕಿದ್ದುದು ಫೆರುಚ್ಚೊಗೇ

ಲ್ಯಾಂಬೋರ್ಗಿನಿ ಹುಟ್ಟಿನಿಂದಲೇ ಒರಟು ಅನ್ನುವುದು ಸುಳ್ಳು. ಫೆರುಚ್ಚೊ ಲ್ಯಾಂಬೋರ್ಗಿನಿ ಟ್ರ್ಯಾಕ್ಟರ್ ಮಾಡಿ ಮಾರಿ ದುಡ್ಡು ಕಂಡವರು. 1963ರಲ್ಲಿ ಕಾರಿನ ಕಂಪನಿ ಶುರು ಮಾಡಿದಾಗ ಅವರ ತಲೆಯಲ್ಲಿ ರೇಸ್ ಇರಲಿಲ್ಲ. ದೂರದ ಊರಿಗೆ ಜೋರಾಗಿ, ಆದರೆ ಆರಾಮಾಗಿ, ದಾರಿಯಲ್ಲಿ ಕೈಕೊಡದೆ ಹೋಗುವ ಕಾರು ಅವರಿಗೆ ಬೇಕಿತ್ತು. ಫೆರಾರಿಯ ಕ್ಲಚ್ ಬಗ್ಗೆ ಎಂಜೊ ಫೆರಾರಿ ಹತ್ತಿರ ದೂರು ಹೇಳಿ, ಅವಮಾನವಾಗಿ, ಹಟಕ್ಕೆ ಬಿದ್ದು ಕಂಪನಿ ಕಟ್ಟಿದರು ಅನ್ನುವ ಕಥೆ ಎಲ್ಲರಿಗೂ ಗೊತ್ತು. ಅದರಲ್ಲಿ ಮಸಾಲೆ ಎಷ್ಟಿದ್ದರೂ ಇರಲಿ, ಆ ಕಥೆಯಲ್ಲೂ ಅವರ ತಕರಾರು ಕಾರು ಸಾಕಷ್ಟು ನಯವಾಗಿಲ್ಲ ಅಂತಲೇ!

ಜಿಯೊಟ್ಟೊ ಬಿಜ್ಜಾರಿನಿ ಮಾಡಿಕೊಟ್ಟ 3.5 ಲೀಟರ್ ವಿ12 ಎಂಜಿನ್ ರೇಸ್ ಎಂಜಿನ್ನಿನ ಜಾತಿಯದ್ದು. ಫೆರುಚ್ಚೊ ಅದನ್ನು ರಸ್ತೆಗೆ ತಕ್ಕಂತೆ ಸಾಧು ಮಾಡಿಸಿ, 1964ರಲ್ಲಿ 350 ಜಿಟಿ ಕಾರಿಗೆ ಕೂರಿಸಿದರು. ಅಂದರೆ ರಿಫೈನ್‌ಮೆಂಟ್ ಆಡಿ ತಂದ ರೋಗವಲ್ಲ.

ಹಾಗಾದರೆ ಹುಚ್ಚು ಎಲ್ಲಿಂದ ಬಂತು? ಮಾಲೀಕರಿಂದ ಅಲ್ಲ. ಜಾನ್‌ಪಾವ್ಲೊ ದಲ್ಲಾರ, ಪಾವ್ಲೊ ಸ್ತಾಂಜಾನಿ ಅಂತ ಇಬ್ಬರು ಎಂಜಿನಿಯರ್‌ಗಳು, ಜೊತೆಗೆ ನ್ಯೂಜಿಲೆಂಡಿನಿಂದ ಬಂದ ಟೆಸ್ಟ್ ಡ್ರೈವರ್ ಬಾಬ್ ವಾಲೇಸ್. ಮೂವರಿಗೂ ಇನ್ನೂ ಮೂವತ್ತಾಗಿರಲಿಲ್ಲ. ಮಾಲೀಕರಿಗೆ ಅಷ್ಟೇನೂ ಉತ್ಸಾಹ ಇಲ್ಲದ ಒಂದು ಐಡಿಯಾವನ್ನು ಡ್ಯೂಟಿ ಮುಗಿದ ಮೇಲೆ ಕೂತು ಕೆಲಸ ಮಾಡಿ ರೂಪಕ್ಕೆ ತಂದರು. ದೊಡ್ಡ ವಿ12 ಎಂಜಿನ್ನನ್ನು ಅಡ್ಡಲಾಗಿ ತಿರುಗಿಸಿ ಸೀಟಿನ ಹಿಂದೆ ಇಡುವ ಐಡಿಯಾ ಅದು. 1965ರ ಟ್ಯೂರಿನ್ ಪ್ರದರ್ಶನದಲ್ಲಿ ಬಾಡಿ ಇಲ್ಲದ ಬರೀ ಚಾಸಿ ಇಟ್ಟರು. ಜನ ಮುಗಿಬಿದ್ದರು. ಮರುವರ್ಷ ಬೆರ್ಟೋನೆ ಸಂಸ್ಥೆಯ ಮಾರ್ಚೆಲ್ಲೊ ಗಂದೀನಿ ಬಿಡಿಸಿದ ಬಾಡಿ ಹೊದ್ದು ಅದು ಮಿಯೂರಾ ಆಯಿತು. ಇದು ಪ್ರಚಾರಕ್ಕೆ ಸಾಕು, ಹೆಚ್ಚು ಮಾರಾಟ ಆಗಲ್ಲ ಅಂತ ಫೆರುಚ್ಚೊ ಅಂದುಕೊಂಡಿದ್ದರು. ಕಂಪನಿಯ ಹೆಸರು ನಿಂತಿದ್ದೇ ಅದರ ಮೇಲೆ.

ಮಾಲೀಕರು ಮಾಡಿದ ದೊಡ್ಡ ಉಪಕಾರ ಒಂದೇ: ಹುಡುಗರನ್ನು ತಡೆಯಲಿಲ್ಲ. ಈ ಅಳತೆಗೋಲು ಇಟ್ಟುಕೊಂಡು ಮುಂದಿನ ಮಾಲೀಕರನ್ನೂ ನೋಡಬಹುದು.

ಬಡತನವೂ ಒಂದು ಗುಣವಾಗಿ ಕಂಡಿತು

ಫೆರುಚ್ಚೊ 1972ರಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಮಾರಿದರು, 1974ರಲ್ಲಿ ಉಳಿದದ್ದನ್ನೂ ಮಾರಿ ಕೈತೊಳೆದುಕೊಂಡರು. 1978ಕ್ಕೆ ಕಂಪನಿ ದಿವಾಳಿ. ಆಮೇಲೆ ಮಿಮ್ರಾನ್ ಸಹೋದರರು ಬಂದರು, 1987ರಲ್ಲಿ ಅಮೆರಿಕದ ಕ್ರೈಸ್ಲರ್ ಬಂತು, 1994ರಲ್ಲಿ ಇಂಡೊನೇಷ್ಯಾದವರ ಕೈಗೆ ಹೋಯಿತು, 1998ರಲ್ಲಿ ಆಡಿ. ಇಷ್ಟು ಕೈ ಬದಲಾದ ಕಂಪನಿಗೆ ಹೊಸ ಕಾರು ಮಾಡಲು ದುಡ್ಡೆಲ್ಲಿಂದ ಬರಬೇಕು? 1974ರಲ್ಲಿ ಮಾರಾಟಕ್ಕೆ ಬಂದ ಕೌಂಟಾಷ್ 1990ರವರೆಗೂ ಓಡಿತು. ಅಷ್ಟು ವರ್ಷದಲ್ಲಿ ತಯಾರಾಗಿದ್ದು ಸುಮಾರು 2,000 ಕಾರು ಮಾತ್ರ.

ಹಳೇ ಅಭಿಮಾನಿಗಳು ಇಲ್ಲಿ ಎರಡು ಬೇರೆ ವಿಷಯಗಳನ್ನು ಕಲಸುತ್ತಾರೆ. ಸೆಕೆ, ಗಟ್ಟಿ ಕ್ಲಚ್, ಆಗಾಗ ಕೆಡುವ ಎಲೆಕ್ಟ್ರಿಕಲ್ ಕೆಲಸ, ಒಂದಕ್ಕೊಂದು ಸರಿಯಾಗಿ ಕೂರದ ಬಿಡಿಭಾಗ. ಇವನ್ನು ಯಾರೂ ಬೇಕೂಂತ ಇಟ್ಟಿದ್ದಲ್ಲ. ದುಡ್ಡಿರಲಿಲ್ಲ, ಅಷ್ಟೆ. ಇನ್ನೊಂದು ಕಡೆ ಕೌಂಟಾಷ್‌ನ ಹಿಂದಿನ ದೊಡ್ಡ ರೆಕ್ಕೆ ನೋಡಿ. ಅದನ್ನು ಹಾಕಿಸಿಕೊಂಡರೆ ಕಾರಿನ ಟಾಪ್ ಸ್ಪೀಡ್ ಕಮ್ಮಿಯಾಗುತ್ತಿತ್ತು. ಗೊತ್ತಿದ್ದೂ ಜನ ದುಡ್ಡು ಕೊಟ್ಟು ಹಾಕಿಸಿಕೊಂಡರು! ಇದು ಗುಣ. ಬೇಕೂಂತಲೇ ಮಾಡಿದ, ತರ್ಕಕ್ಕೆ ಸಿಗದ ಆಯ್ಕೆ. ಮೊದಲನೆಯದು ಹೋದರೆ ಅಳಬೇಕಾಗಿಲ್ಲ. ಎರಡನೆಯದು ಹೋದರೆ ಅಳಬೇಕು.

ಹೆಡ್ಡಾಫೀಸು ಕೈ ಹಾಕಿ ಕೆಡಿಸಿದ ಉದಾಹರಣೆ ಬೇಕಾದರೆ ಆಡಿಗಿಂತ ಹಿಂದೆ ಹೋಗಬೇಕು. ಕೌಂಟಾಷ್ ಆದಮೇಲೆ ಬಂದ ಡಯಾಬ್ಲೊ ಕಾರಿಗೆ ಗಂದೀನಿ ಬಿಡಿಸಿದ ಚೂಪು ಚೂಪಾದ ಡಿಸೈನ್ ಕ್ರೈಸ್ಲರ್‌ನವರಿಗೆ ಹಿಡಿಸಲಿಲ್ಲ. ಡೆಟ್ರಾಯಿಟ್‌ನ ಸ್ಟುಡಿಯೊದಲ್ಲಿ ಮೂಲೆಗಳನ್ನೆಲ್ಲ ಉರುಟು ಮಾಡಿಸಿದರು. ಗಂದೀನಿ ಬೇಸರದಲ್ಲಿ ತಮ್ಮ ಮೂಲ ಐಡಿಯಾವನ್ನು ಚಿಜೇಟಾ ಅನ್ನುವ ಹದಿನಾರು ಸಿಲಿಂಡರಿನ ಬೇರೊಂದು ಕಾರಿಗೆ ಕೊಟ್ಟುಬಿಟ್ಟರು. ತಮಾಷೆ ಅಂದರೆ, ಅವತ್ತು 'ಅಮೆರಿಕದವರು ಮೆತ್ತಗೆ ಮಾಡಿದ ಕಾರು' ಅನ್ನಿಸಿಕೊಂಡ ಡಯಾಬ್ಲೊವನ್ನೇ ಇವತ್ತು 'ಆಡಿ ಬರುವ ಮೊದಲಿನ ಅಸಲಿ ಲ್ಯಾಂಬೋ' ಅಂತ ತಲೆ ಮೇಲೆ ಹೊತ್ತುಕೊಂಡು ಕುಣಿಯುತ್ತಾರೆ. ಇನ್ನು ನಾಲ್ಕು ಚಕ್ರಕ್ಕೂ ಪವರ್ ಕೊಡುವುದು ಆಡಿಯ ಚಾಳಿ ಅನ್ನುವವರಿಗೆ: ಡಯಾಬ್ಲೊ ವಿಟಿ ಅದನ್ನು 1993ರಲ್ಲೇ ತಂದಿತ್ತು. ಎಸ್‌ಯುವಿ ಮಾಡಿ ಮಾನ ಕಳೆದರು ಅನ್ನುವವರಿಗೆ: ಎಲ್‌ಎಂ002 ಅನ್ನುವ ದೈತ್ಯ ಜೀಪು, ಕೌಂಟಾಷ್‌ನ ವಿ12 ಎಂಜಿನ್ ಸಮೇತ, 1986ರಲ್ಲೇ ಬಂದಿತ್ತು.

ಸ್ವಿಚ್ಚು ಯಾರದ್ದಾದರೇನು

ಎರಡನೇ ಆರೋಪ ಬಿಡಿಭಾಗಗಳದ್ದು. 2003ರಲ್ಲಿ ಬಂದ ಗಲಾರ್ಡೊದ ಎಸಿ ಕಂಟ್ರೋಲು, ಸ್ಟೀರಿಯೊ ನೋಡಿದರೆ ಆಡಿ ಇಟ್ಟುಕೊಂಡವರಿಗೆ ತಮ್ಮ ಕಾರೇ ನೆನಪಾಗುತ್ತಿತ್ತು. ಕೋಟಿ ಕೊಟ್ಟವರಿಗೆ ಕಿರಿಕಿರಿ ಆಗುವುದು ಸಹಜ. ಆದರೆ ಕಡ ತರುವುದು ಈ ಮನೆಯ ಹಳೇ ಪದ್ಧತಿ. ಜಗತ್ತಿನ ಅತಿ ಸುಂದರ ಕಾರು ಅಂತ ಹೆಸರಾದ ಮಿಯೂರಾದ ಹೆಡ್‌ಲೈಟು ಫಿಯಟ್ 850 ಸ್ಪೈಡರ್ ಅನ್ನುವ ಸಣ್ಣ ಕಾರಿನದ್ದು. 1999ರ ಡಯಾಬ್ಲೊದ ಹೆಡ್‌ಲೈಟು ನಿಸಾನ್ 300ಜೆಡ್‌ಎಕ್ಸ್‌ನದ್ದು. ಲೈಟಿನ ಮೇಲ್ಭಾಗಕ್ಕೆ ಹುಬ್ಬಿನಂತೆ ಒಂದು ಪಟ್ಟಿ ಅಂಟಿಸಿ ಹೊಂದಿಸಿದ್ದರು. ಅದರಿಂದ ಯಾರ ಎದೆಬಡಿತವೂ ಕಮ್ಮಿಯಾಗಲಿಲ್ಲ.

ಎಂಜಿನ್, ಚಾಸಿ ಹಂಚಿಕೊಂಡಾಗ ಮಾತ್ರ ವಿಷಯ ಬೇರೆಯಾಗುತ್ತದೆ. ಗಲಾರ್ಡೊ ಮತ್ತು ಹುರಾಕಾನ್ ಬಗ್ಗೆ ಹಳಬರ ದೂರಿನಲ್ಲಿ ನಿಜವಾದ ಹುರುಳು ಇರುವುದು ಇಲ್ಲೇ. 5.2 ಲೀಟರ್ ವಿ10 ಎಂಜಿನ್ ಆಡಿಯ ಸ್ಪೋರ್ಟ್ಸ್ ಕಾರು ಆರ್8ಗೂ ಹೋಯಿತು. 2014ರ ಹುರಾಕಾನ್ ಮತ್ತು ಎರಡನೇ ತಲೆಮಾರಿನ ಆರ್8 ಒಳಗೊಳಗೆ ಅಣ್ಣತಮ್ಮಂದಿರು. ಬೆಲೆಯಲ್ಲಿ ಎಷ್ಟೋ ಕಮ್ಮಿ ಇರುವ, ದಿನಾ ಆಫೀಸಿಗೆ ಓಡಿಸಬಹುದಾದ ಆರ್8ನಲ್ಲೂ ಅದೇ ಕೂಗು ಕೇಳಿದರೆ ಲ್ಯಾಂಬೋ ಕೊಂಡವರು ಹೆಚ್ಚಿಗೆ ದುಡ್ಡು ಕೊಟ್ಟದ್ದು ಯಾವುದಕ್ಕೆ? ಅಣಕ ನೋಡಿ, ಆ ಎಂಜಿನ್ ಸದ್ದು ಮಾತ್ರ ಅದ್ಭುತ. ಆರ್8 ತಯಾರಿಕೆ 2024ರಲ್ಲಿ ನಿಂತಾಗ ಲ್ಯಾಂಬೋ ಪ್ರಿಯರೂ ನಿಟ್ಟುಸಿರು ಬಿಟ್ಟರು.

ಗಲಾರ್ಡೊ ಹತ್ತು ವರ್ಷದಲ್ಲಿ 14,022 ಮಾರಾಟವಾಯಿತು. ಕಂಪನಿ ಅಲ್ಲಿಯವರೆಗೆ ಮಾಡಿದ ಒಟ್ಟು ಕಾರುಗಳಲ್ಲಿ ಹತ್ತಿರ ಹತ್ತಿರ ಅರ್ಧ! ಆದರೆ ಆ ಕಾರಿನ ಚರಿತ್ರೆಯಲ್ಲಿ ನನಗೆ ಇಷ್ಟವಾದದ್ದು ಬರೀ 250 ಕಾರುಗಳ ಒಂದು ಅಧ್ಯಾಯ. ವಾಲೆಂಟಿನೊ ಬಲ್ಬೋನಿ ಅಂತ ಒಬ್ಬರಿದ್ದಾರೆ. 1968ರಲ್ಲಿ ಮೆಕ್ಯಾನಿಕ್ ಆಗಿ ಸೇರಿ, ಆಮೇಲೆ ಟೆಸ್ಟ್ ಡ್ರೈವರ್ ಆಗಿ, ದಶಕಗಟ್ಟಲೆ ಕಂಪನಿಯ ಕಾರುಗಳನ್ನು ಓಡಿಸಿ ನೋಡಿದವರು. ಮಾಲೀಕರು ಬದಲಾಗುತ್ತಲೇ ಇದ್ದರು, ಬಲ್ಬೋನಿ ಮಾತ್ರ ಅಲ್ಲೇ ಇದ್ದರು. ಅವರು ನಿವೃತ್ತರಾದ ಮೇಲೆ 2009ರಲ್ಲಿ ಅವರ ಹೆಸರಿನಲ್ಲೇ ಒಂದು ಗಲಾರ್ಡೊ ಬಂತು. ಅದರಲ್ಲಿ ಮುಂದಿನ ಚಕ್ರಕ್ಕೆ ಪವರ್ ಇಲ್ಲ, ಹಿಂದಿನ ಎರಡಕ್ಕೆ ಮಾತ್ರ. ಕ್ವಾಟ್ರೊ, ಅಂದರೆ ನಾಲ್ಕೂ ಚಕ್ರಕ್ಕೆ ಪವರ್ ಕೊಡುವ ತಂತ್ರಕ್ಕೆ ಪ್ರಾಣ ಬಿಡುವ ಆಡಿಯ ಕೆಳಗಿದ್ದುಕೊಂಡು ಹೀಗೆ ಮಾಡುವುದು ಸಣ್ಣ ವಿಷಯವಲ್ಲ. ಅದು ಎಷ್ಟು ಮೆಚ್ಚುಗೆಯಾಯಿತು ಅಂದರೆ ಆಮೇಲೆ ಮಾಮೂಲಿ ಗಲಾರ್ಡೊದಲ್ಲೂ, ಹುರಾಕಾನ್‌ನಲ್ಲೂ ಹಿಂದಿನ ಚಕ್ರದ ಮಾದರಿ ಬಂತು. ಹಳೇ ಕೈಯೊಂದರ ಮಾತು ಕೇಳಿದ್ದಕ್ಕೆ ಕಾರಿನ ಓಟವೇ ಬದಲಾಯಿತು.

ವಿ12 ಉಳಿದದ್ದು ಹೇಗೆ

ಬಿಜ್ಜಾರಿನಿ 1963ರಲ್ಲಿ ಮಾಡಿದ ವಿ12 ಎಂಜಿನ್ನಿನ ವಂಶ 2010ರವರೆಗೂ ಬದುಕಿತ್ತು. 3.5 ಲೀಟರ್‌ನಿಂದ ಬೆಳೆದು ಬೆಳೆದು ಮುರ್ಸಿಯೆಲಾಗೊದಲ್ಲಿ 6.5 ಲೀಟರ್ ಆಗಿತ್ತು. ಅಷ್ಟು ಹೊತ್ತಿಗೆ ಅದರಿಂದ ಹಿಂಡಬಹುದಾದದ್ದೆಲ್ಲ ಹಿಂಡಿ ಮುಗಿದಿತ್ತು. ಲೆಕ್ಕದ ಪುಸ್ತಕ ಹಿಡಿದ ಯಾವ ಹೆಡ್ಡಾಫೀಸಾದರೂ ಆಗ ಏನು ಹೇಳಬಹುದಿತ್ತು? ಗ್ರೂಪಿನಲ್ಲೇ ಹನ್ನೆರಡು ಸಿಲಿಂಡರಿನ ಎಂಜಿನ್ ಇತ್ತು. ಬೆಂಟ್ಲಿಗೂ ಆಡಿ ಎ8ಗೂ ಹಾಕುತ್ತಿದ್ದ ಡಬ್ಲ್ಯು12. ಅದನ್ನೇ ಹಾಕಿ ಅನ್ನಬಹುದಿತ್ತು. ಅನ್ನಲಿಲ್ಲ. 2011ರ ಅವೆಂಟಡೋರ್‌ಗೆ ಮೊದಲಿನಿಂದ ಹೊಸದಾಗಿ 6.5 ಲೀಟರ್ ವಿ12 ಕಟ್ಟಿದರು. ಕಾರ್ಬನ್ ಫೈಬರ್ ಚಾಸಿಯನ್ನು ಸಾಂತಾಗತಾದಲ್ಲೇ ಮಾಡುವ ವ್ಯವಸ್ಥೆ ಮಾಡಿದರು. ಆಡಿ ಕೊಂಡಾಗ ವರ್ಷಕ್ಕೆ ಕೆಲವೇ ನೂರು ಕಾರು ಮಾಡಿ ಏದುಸಿರು ಬಿಡುತ್ತಿದ್ದ ಕಂಪನಿಗೆ ತನ್ನ ದುಡ್ಡಿನಲ್ಲಿ ಇದು ಆಗುವ ಮಾತಲ್ಲ.

ಅವೆಂಟಡೋರ್‌ನ ಗೇರ್‌ಬಾಕ್ಸ್ ಈ ವಾದದಲ್ಲಿ ನನಗೆ ಸಿಗುವ ಅತಿ ರುಚಿಯಾದ ಸಾಕ್ಷಿ. ಗೇರ್ ಬದಲಾದದ್ದೇ ಗೊತ್ತಾಗದಷ್ಟು ನಯವಾದ ಡಬಲ್ ಕ್ಲಚ್ ತಂತ್ರ ಫೋಕ್ಸ್‌ವ್ಯಾಗನ್ ಗ್ರೂಪಿನಲ್ಲಿ ಸಣ್ಣ ಕಾರುಗಳಿಗೂ ಇತ್ತು. ಲ್ಯಾಂಬೋರ್ಗಿನಿ ಅದು ಬೇಡ ಅಂತ ಒಂದೇ ಕ್ಲಚ್ಚಿನ, ಹಗುರವಾದ ಗೇರ್‌ಬಾಕ್ಸ್ ಹಾಕಿತು. ಕೋರ್ಸಾ ಅನ್ನುವ ರೇಸ್ ಮೋಡ್‌ಗೆ ಹಾಕಿ, ಪೂರ್ತಿ ಆಕ್ಸಿಲರೇಟರ್ ಒತ್ತಿ ಗೇರ್ ಏರಿಸಿದರೆ ಬೆನ್ನಿಗೆ ಗುದ್ದು ಬೀಳುತ್ತದೆ. ತಲೆ ಹಿಂದಕ್ಕೆ ಹೋಗಿ ಸೀಟಿಗೆ ಬಡಿಯುತ್ತದೆ. ಊರೊಳಗೆ ನಿಧಾನ ಹೋದರೆ ಹೊಸದಾಗಿ ಕ್ಲಚ್ ಕಲಿಯುವವರು ಓಡಿಸಿದ ಹಾಗೆ ಜಗ್ಗುತ್ತದೆ. ವಿಮರ್ಶಕರು ಹತ್ತು ವರ್ಷ ಬೈದರು. ಎಂಜಿನ್ ಸ್ಟಾರ್ಟ್ ಗುಂಡಿಗೆ ಬೇರೆ ಯುದ್ಧವಿಮಾನದಲ್ಲಿ ಇರುವಂಥ ಕೆಂಪು ಮುಚ್ಚಳ. ಎತ್ತಿ ಒತ್ತಬೇಕು. ಏನು ಅಗತ್ಯ ಇತ್ತು? ಏನೂ ಇರಲಿಲ್ಲ. ಆಡಿಯ ಕಣ್ಗಾವಲಿನಲ್ಲೇ ಹುಟ್ಟಿದ ಈ ಕಾರು 2022ರ ಹೊತ್ತಿಗೆ 11,465 ತಯಾರಾಗಿ, ಮುಂಚಿನ ಎಲ್ಲ ವಿ12 ಲ್ಯಾಂಬೋಗಳನ್ನೂ ಮೀರಿಸಿತು.

ಒಂದು ಆಕ್ಷೇಪಣೆಯನ್ನು ಮಾತ್ರ ತಳ್ಳಿಹಾಕಲು ಆಗುವುದಿಲ್ಲ. ಇವೆಲ್ಲ ಪ್ಲಾನ್ ಮಾಡಿದ ಹುಚ್ಚು. ಸೈಲೆನ್ಸರ್‌ನ ಪಟಪಟ ಸದ್ದು ಕೂಡ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂಡಿಸಿದ್ದು. ಮಿಯೂರಾ ಮಾಡಿದ ಹುಡುಗರಿಗೆ ಗೆಲ್ಲುತ್ತೇವೋ ಇಲ್ಲವೋ ಗೊತ್ತಿರಲಿಲ್ಲ. ಇವತ್ತಿನವರಿಗೆ ಎಷ್ಟು ಮಾರಾಟವಾಗುತ್ತದೆ ಅಂತ ಮೊದಲೇ ಗೊತ್ತು. ಸ್ಪೋರ್ಟ್ಸ್ ಕಾರನ್ನೇ 44 ಮಿಲಿಮೀಟರ್ ಎತ್ತರಿಸಿ, ಮಣ್ಣಿನ ದಾರಿಗೆ ಬಿಟ್ಟ ಹುರಾಕಾನ್ ಸ್ಟೆರಾಟೊ ನೋಡಿದರೆ ನಗು ಬರುತ್ತದೆ, ಖುಷಿಯಾಗುತ್ತದೆ. ಆದರೆ ಅದಕ್ಕೂ 1,499 ಅಂತ ಕೊನೆ ಸಂಖ್ಯೆ ಮೊದಲೇ ಬರೆದಿಟ್ಟಿದ್ದರು.

ಉರುಸ್ ಬೇರೆ ಲೆಕ್ಕ

ಕಂಪನಿಯ ಈಗಿನ ಎಸ್‌ಯುವಿ ಉರುಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪೋರ್ಶೆ ಕೇಯೆನ್, ಬೆಂಟ್ಲಿ ಬೆಂಟೇಗ, ಆಡಿ ಕ್ಯೂ8ಗಳ ತಳಹದಿಯೇ ಅದರದ್ದೂ. ಅದರ 4 ಲೀಟರ್ ವಿ8 ಕೂಡ ಗ್ರೂಪಿನದ್ದು. ಇಲ್ಲಿ ಹೆಡ್ಡಾಫೀಸೇ ಮುಂದೆ, ಸಾಂತಾಗತಾ ಹಿಂದೆ. 2017ರಲ್ಲಿ 3,815 ಕಾರು ಮಾರಿದ್ದ ಕಂಪನಿ 2018ರಲ್ಲಿ ಉರುಸ್ ಬಂದ ಮೇಲೆ 5,750ಕ್ಕೆ ಹೋಯಿತು, 2023ರಲ್ಲಿ 10,000 ದಾಟಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಉರುಸ್. ಬೆಂಗಳೂರಿನಲ್ಲೂ ಲ್ಯಾಂಬೋರ್ಗಿನಿ ಶೋರೂಂ ಇದೆಯಲ್ಲ, ನಮ್ಮ ಹಂಪ್‌ಗಳನ್ನು ನೋಡಿದವರಿಗೆ ಉರುಸ್ ಯಾಕೆ ಹೋಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಡ್ಜ್‌ನ ಅರ್ಥ ಅದರಿಂದ ಬದಲಾಗಿದೆ, ಹೌದು. ರಸ್ತೆಯಲ್ಲಿ ಕಂಡರೆ ಮೊದಲಿನ ಹಾಗೆ ಜನ ನಿಂತು ನೋಡುವುದಿಲ್ಲ. ಆದರೆ ರೆವುಯೆಲ್ಟೊದ ವಿ12ಗೆ ಅನ್ನ ಹಾಕುತ್ತಿರುವುದು ಅದೇ.

ಬೇರೆ ಮನೆಗಳನ್ನೂ ಒಂದು ಸಲ ನೋಡಬಹುದು. ಫೆರಾರಿಯ ಅರ್ಧ ಪಾಲನ್ನು ಫಿಯಟ್ 1969ರಲ್ಲೇ ಕೊಂಡಿತ್ತು. ರೇಸಿಂಗ್ ವಿಭಾಗದ ಹಿಡಿತ ಮಾತ್ರ ಎಂಜೊ ಬಿಡಲಿಲ್ಲ. ಗುಣ ಎಲ್ಲಿದೆ ಅಂತ ಆ ಮುದುಕರಿಗೆ ಚೆನ್ನಾಗಿ ಗೊತ್ತಿತ್ತು. ಇಂಗ್ಲೆಂಡಿನ ಲೋಟಸ್ ಕಥೆ ತಿರುಗುಮುರುಗು. ಅವರ ಎಲೀಸ್‌ಗೆ ಮೊದಲು ರೋವರ್, ಆಮೇಲೆ ಟೊಯೋಟಾ ಎಂಜಿನ್ ಹಾಕಿದರೂ ಯಾರೂ ಗೊಣಗಲಿಲ್ಲ, ಯಾಕೆಂದರೆ ಲೋಟಸ್‌ನ ಜೀವ ಎಂಜಿನ್ನಿನಲ್ಲಿ ಇರಲಿಲ್ಲ. ಹಗುರತನದಲ್ಲಿ ಇತ್ತು, ಸ್ಟೀರಿಂಗ್‌ನಲ್ಲಿ ಇತ್ತು. ಚೀನಾದ ಗೀಲಿ ಕೊಂಡ ಮೇಲೆ ಬಂದ ಎಲೆಕ್ಟ್ರಿಕ್ ಎಸ್‌ಯುವಿ ಎಲೆಟ್ರೆ ಸುಮಾರು 2,500 ಕೆ.ಜಿ. ತೂಗುತ್ತದೆ. ಮೊದಲ ಎಲೀಸ್‌ನ ಮೂರು ಪಟ್ಟಿಗೂ ಜಾಸ್ತಿ! ಒಳ್ಳೆಯ ಕಾರೇ ಇರಬಹುದು. ಆದರೆ ಗುಣ ಕರಗಿತು ಅನ್ನುವ ದೂರನ್ನು ಅಲ್ಲಿ ಯಾರಾದರೂ ತಂದರೆ ನಾನು ವಾದಕ್ಕೆ ಇಳಿಯುವುದಿಲ್ಲ.

ಲ್ಯಾಂಬೋರ್ಗಿನಿಗೆ ಜೀವ ಎಂಜಿನ್ನೇ. ಅದಕ್ಕೇ ಟೆಮೆರಾರಿಯೊ ಇಷ್ಟು ಗಲಾಟೆ ಎಬ್ಬಿಸಿದ್ದು. 2024ರ ಆಗಸ್ಟ್‌ನಲ್ಲಿ ತೋರಿಸಿದ ಈ ಕಾರಿನಲ್ಲಿ ಟರ್ಬೊ ಇಲ್ಲದ ವಿ10 ಹೋಗಿ, ಎರಡು ಟರ್ಬೊ ಇರುವ 4 ಲೀಟರ್ ವಿ8 ಮತ್ತು ಮೂರು ಮೋಟರ್ ಬಂದಿವೆ. ಒಟ್ಟು 920 ಹಾರ್ಸ್‌ಪವರ್. ಎಣ್ಣೆ ನೀರು ಬಿಟ್ಟು ಲೆಕ್ಕ ಹಾಕಿದರೂ ತೂಕ 1,690 ಕೆ.ಜಿ., ಹುರಾಕಾನ್ ಇವೊಗಿಂತ ಸುಮಾರು 270 ಕೆ.ಜಿ. ಜಾಸ್ತಿ. ಇದರ ಪಾಪವನ್ನು ಪೂರ್ತಿ ಆಡಿಯ ತಲೆಗೆ ಕಟ್ಟುವುದು ಅನ್ಯಾಯ. ಯುರೋಪಿನ ಹೊಗೆ ಮತ್ತು ಸದ್ದಿನ ನಿಯಮಗಳು ಎಲ್ಲರ ಕುತ್ತಿಗೆಗೂ ಬಂದಿವೆ. ಫೆರಾರಿಯ 296, ಮೆಕ್‌ಲಾರೆನ್‌ನ ಆರ್ಟುರಾ ಎರಡೂ ಇನ್ನೂ ಎರಡು ಸಿಲಿಂಡರ್ ಕಮ್ಮಿ ಮಾಡಿಕೊಂಡು ವಿ6 ಹೈಬ್ರಿಡ್ ಆಗಿಬಿಟ್ಟಿವೆ.

ನಾನು ನೋಡುವುದು ಬೇರೆ ಕಡೆ. ಉರುಸ್‌ನಲ್ಲಿ ಓಡುತ್ತಿರುವ ಗ್ರೂಪಿನ ವಿ8 ಕೈಗೆ ಸಿಗುವಂತೆ ಇತ್ತು. ಅದೂ 4 ಲೀಟರ್, ಅದೂ ಎರಡು ಟರ್ಬೊ. ಅದನ್ನೇ ತಿದ್ದಿ ಕೂರಿಸಿದ್ದರೆ ದುಡ್ಡು, ಸಮಯ ಎರಡೂ ಉಳಿಯುತ್ತಿತ್ತು, ಕೊಳ್ಳುವವರಲ್ಲಿ ಅರ್ಧ ಜನಕ್ಕೆ ಗೊತ್ತೂ ಆಗುತ್ತಿರಲಿಲ್ಲ. ಸಾಂತಾಗತಾದವರು ಅದನ್ನು ಮುಟ್ಟಲಿಲ್ಲ. ಬೇರೆಯೇ ಎಂಜಿನ್ ಹೊಸದಾಗಿ ಮಾಡಿದರು. ಟರ್ಬೊ ಇದ್ದೂ ನಿಮಿಷಕ್ಕೆ 10,000 ಸುತ್ತು ತಿರುಗುವ ಎಂಜಿನ್, ರಸ್ತೆ ಕಾರಿಗೆ ಇದು ಹೆಚ್ಚುಕಮ್ಮಿ ಹುಚ್ಚೇ. ವಿ10ರ ಕೂಗು ಬೇಕು ಅನ್ನುವವರಿಗೆ ಇದು ಸಮಾಧಾನ ಕೊಡುವುದಿಲ್ಲ, ನನಗೂ ಪೂರ್ತಿ ಕೊಟ್ಟಿಲ್ಲ. ಆದರೆ ಈ ಎಂಜಿನ್ನಿನ ತೀರ್ಮಾನ ಆಗಿದ್ದು ಸಾಂತಾಗತಾದಲ್ಲಿ.